ದೊರೆಸ್ವಾಮಿಯ ಹಾರ್ಮೋನು

ಗುಂಡ್ಲುಪೇಟೆಯ ಮೀಟರ್ ರೀಡರ್ ದೊರೆಸ್ವಾಮಿ ಅವತ್ತು ಬೆಳಗ್ಗೆ ಕಾಫಿ ಬೇಡವೆಂದದ್ದೇ ಎಲ್ಲ ರಾದ್ಧಾಂತಕ್ಕೂ ಕಾರಣವಾಯಿತು. ಬೇರೆ ಯಾರು ಬೇಡವೆಂದಿದ್ದರೂ ಬೀದಿಯ ನಾಯಿ ಕೂಡ ತಲೆಯೆತ್ತಿ ನೋಡುತ್ತಿರಲಿಲ್ಲ. ಆದರೆ ದೊರೆಸ್ವಾಮಿ ಹುಟ್ಟಿದಾಗಿನಿಂದ ಯಾರ ಮನೆಯಲ್ಲೂ ಯಾವುದನ್ನೂ ಬೇಡವೆಂದವನಲ್ಲ.

ಕರೆಂಟಿನ ಮೀಟರ್ ನೋಡಿ ಬಿಲ್ಲು ಕೊಡಲು ಮನೆಮನೆ ಸುತ್ತುವ ಕೆಲಸ ಅವನದು. ಅಷ್ಟು ಸುತ್ತುವವನ ಮೈ ಕರಗಬೇಕು ತಾನೆ? ಕರಗುತ್ತಿರಲಿಲ್ಲ. ಒಂದು ಮನೆಯಲ್ಲಿ ಕಾಫಿ, ಪಕ್ಕದ ಮನೆಯಲ್ಲಿ ಕೋಡುಬಳೆ, ಅದರಾಚೆ ನಾಮಕರಣದಲ್ಲಿ ಮಿಕ್ಕ ಮೈಸೂರುಪಾಕು, ತಿರುವಿನಲ್ಲಿ ವಯನಾಡಿನಿಂದ ಬಂದು ನೆಲೆಸಿದ, ಎಲ್ಲರೂ ಚೇಚಿ ಎನ್ನುವ ಮಲಯಾಳಿ ಅಕ್ಕನ ಬಾಳೆಹಣ್ಣಿನ ಬಜ್ಜಿ. ಕೊಟ್ಟದ್ದನ್ನು ಬೇಡವೆಂದರೆ ಮನೆಯ ಹೆಂಗಸರು ನೊಂದುಕೊಳ್ಳುತ್ತಾರೆ. ಹಾಗಾಗಿ ಅವನ ಪ್ರಕಾರ ಅದೆಲ್ಲ ತಿಂದದ್ದಲ್ಲ, ಮರ್ಯಾದೆ ಕಾಪಾಡಿದ್ದು. ಸಂಜೆ ಹೆಂಡತಿ ಶಿವರಂಜಿನಿ "ಒರಗಡೆ ಏನಾರ ತಿಂದ್ರಾ?" ಎಂದು ಕೇಳಿದರೆ, "ಬೆಳಗ್ಗೆ ನೀನು ಇಕ್ಕಿದ್ದೇ ಕಣಮ್ಮಿ, ಆಮೇಲೆ ಎಲ್ಲಿ ಬಂತು ಊಟ?" ಎಂದು ತುಂಬು ಮನಸ್ಸಿನಿಂದ ಹೇಳುತ್ತಿದ್ದ. ಅದರಲ್ಲಿ ಅವನಿಗೆ ಸುಳ್ಳೇ ಕಾಣುತ್ತಿರಲಿಲ್ಲ.

ಹೊಟ್ಟೆ ಮಾತ್ರ ಅವನ ಪರವಾಗಿ ಸಾಕ್ಷಿ ಹೇಳಲು ಒಪ್ಪಲಿಲ್ಲ. ಯೂನಿಫಾರ್ಮಿನ ಗುಂಡಿಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು. ಕೆಳಗಡೆ ಹಾಕಿದ ಮೀಟರುಗಳನ್ನು ಬಗ್ಗಿ ನೋಡುವುದು ಕಷ್ಟವಾಗಿ, ಮೊಬೈಲನ್ನು ಕೆಳಕ್ಕೆ ಹಿಡಿದು ಫೋಟೋ ತೆಗೆದು ಓದುವ ಉಪಾಯ ಕಂಡುಹಿಡಿದ. ಇದನ್ನೆಲ್ಲ ನೋಡಿದ ಶಿವರಂಜಿನಿ ಒಂದು ರಾತ್ರಿ ಅವನ ತಟ್ಟೆಗೆ ಮುದ್ದೆಯನ್ನು ಮುರಿದು ಅರ್ಧ ಮಾತ್ರ ಇಟ್ಟಳು.

"ಇದೇನು, ಮಿಕ್ಕಿದ್ದೆಲ್ಲಿ?"

"ಮಿಕ್ಕಿದ್ದು ನೀವು ಒರಗಡೆ ಕದ್ದು ತಿಂದಾಗದೆ."

ಕದ್ದು ತಿನ್ನುವವನು ಎಂಬ ಮಾತು ದೊರೆಸ್ವಾಮಿಗೆ ಅರ್ಧ ಮುದ್ದೆಗಿಂತ ಹೆಚ್ಚು ಚುಚ್ಚಿತು. ಅಂಥ ಹೊತ್ತಿನಲ್ಲಿ ದೇವರು ಕಣ್ಣುಬಿಟ್ಟ ಹಾಗೆ, ಮಂಡಿನೋವೆಂದು ಚಾಮರಾಜನಗರದ ಕ್ಲಿನಿಕ್ಕಿಗೆ ಹೋದಾಗ ಅಲ್ಲಿಯ ಡಾಕ್ಟರಮ್ಮ ಒಂದು ಹೊಸ ವಿಷಯ ಹೇಳಿದರು.

"ಮೈ ಬರೋದಕ್ಕೆ ಬರೀ ಊಟವೇ ಕಾರಣ ಅಲ್ಲ. ಹಾರ್ಮೋನುಗಳೂ ಸೇರಿರುತ್ತವೆ. ಹಸಿವಾಯ್ತು ಅಂತ ಮೆದುಳಿಗೆ ಹೇಳೋಕೆ ಒಂದು, ಹೊಟ್ಟೆ ತುಂಬ್ತು ಅನ್ನೋಕೆ ಇನ್ನೊಂದು. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೆ ಕೊಬ್ಬು ಸೇರುತ್ತೆ. ಟೆನ್ಷನ್ ಜಾಸ್ತಿ ಆದ್ರೆ ಬರೋ ಹಾರ್ಮೋನು ಹೊಟ್ಟೆ ಸುತ್ತಾನೇ ತಂದು ಹಾಕುತ್ತೆ. ಕತ್ತಿನಲ್ಲಿರೋ ಥೈರಾಯ್ಡ್ ಗ್ರಂಥಿ ನಿಧಾನ ಆದ್ರೂ ತೂಕ ಏರುತ್ತೆ. ನಿಮ್ಮದು ಯಾವುದು ಅಂತ ರಕ್ತ ನೋಡಿದ ಮೇಲೇ ಹೇಳೋಕಾಗೋದು. ಬುಧವಾರ ಬೆಳಗ್ಗೆ ಖಾಲಿ ಹೊಟ್ಟೇಲಿ ಬನ್ನಿ. ಕಾಫಿನೂ ಕುಡೀಬಾರದು."

ಡಾಕ್ಟರಮ್ಮ ಇದರ ಜೊತೆಗೆ ನಡಿಗೆ, ನಿದ್ದೆ, ಮಿತವಾದ ಊಟ ಅಂತ ಇನ್ನೂ ಏನೇನೋ ಹೇಳಿದರು. ಆದರೆ ದೊರೆಸ್ವಾಮಿ ಅಷ್ಟು ಹೊತ್ತಿಗೆ ಕಿವಿ ಮುಚ್ಚಿಕೊಂಡಾಗಿತ್ತು. ತನ್ನ ಹೊಟ್ಟೆ ತಾನು ಮಾಡಿದ್ದಲ್ಲ, ಒಳಗೆ ಕೂತ ಇನ್ಯಾರೋ ಮಾಡಿದ್ದು! ಮನೆಗೆ ಬಂದವನೇ ಚಪ್ಪಲಿ ಬಿಡುವ ಮುಂಚೆ, "ಆರ್ಮೋನು ಕಣಮ್ಮಿ, ಆರ್ಮೋನು!" ಎಂದು ಕೂಗಿದ.

ಶಿವರಂಜಿನಿ ಸೊಪ್ಪು ಸೋಸುತ್ತ ತಣ್ಣಗೆ ಹೇಳಿದಳು: "ಆಯ್ತು. ಆರ್ಮೋನು ಅಂತ ಡಾಕ್ಟ್ರು ಬಾಯಲ್ಲಿ ಬಂದ್ರೆ ಅವತ್ತಿಂದ್ಲೇ ತುಂಬಿದ್ ಮುದ್ದೆ ಇಕ್ತೀನಿ, ಒಂದಲ್ಲ ಎರಡು. ಬರ್ನಿಲ್ಲ ಅಂದ್ರೆ ಅರ್ಧದಲ್ಲೂ ಅರ್ಧ."

ಹೀಗೆ ತನ್ನ ಮಾನ, ತನ್ನ ಮುದ್ದೆ ಎರಡನ್ನೂ ಪಣಕ್ಕಿಟ್ಟು ದೊರೆಸ್ವಾಮಿ ಬುಧವಾರ ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಬೀದಿಗೆ ಇಳಿದ. ಶಿವರಂಜಿನಿ ಆಗ ಬಚ್ಚಲಲ್ಲಿದ್ದಳು. ಎದುರುಮನೆ ಪುಟ್ಟಸಿದ್ದಮ್ಮ ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದವಳು ತಲೆಯೆತ್ತಿ, "ಬಾ ದೊರೆಸಾಮಿ, ಕಾಪಿ ಕಾಯ್ಸಿವ್ನಿ" ಎಂದು ದಿನದಂತೆ ಕರೆದಳು.

"ಬ್ಯಾಡ ಪುಟ್ಟಸಿದ್ದಕ್ಕ."

ಪುಟ್ಟಸಿದ್ದಮ್ಮನ ಕೈಯಿಂದ ರಂಗೋಲಿ ಪುಡಿ ಒಂದೇ ಕಡೆ ಗುಡ್ಡೆಯಾಗಿ ಬಿತ್ತು.

"ಯಾಕಪ್ಪ, ಮನೇಲಿ ಕುಡುದ್ಯಾ?"

"ಇಲ್ಲ, ಮನೇಲೂ ಕುಡೀನಿಲ್ಲ."

"ತಿಂಡಿ?"

"ತಿಂಡಿನೂ ಇಲ್ಲ. ಬಸ್ಸು ಓಯ್ತದೆ, ಬತ್ತೀನಿ."

"ಎಲ್ಲಿಗೆ?"

"ಚಾಮ್ರಾಜನಗರ."

ಚಾಮರಾಜನಗರ ಶಿವರಂಜಿನಿಯ ತವರು. ನಮ್ಮ ಕಡೆ ಗಂಡಸರಿಗೆ ಹೆಂಡತಿಯ ಮೇಲೆ ಕೋಪ ಬಂದರೆ ತೋರಿಸಲು ಇರುವುದು ಒಂದೇ ದಾರಿ, ಉಣ್ಣದೆ ಮನೆಯಿಂದ ಹೊರಡುವುದು. ಬೈದಾಡಿದರೆ ಅದು ಮನೆಯೊಳಗಿನ ಮಾತು, ಉಣ್ಣದೆ ಹೋದರೆ ಅದು ಊರಿನ ಮಾತು. ಹಾಗೆ ಉಣ್ಣದೆ ಹೊರಟವನು ನೆಟ್ಟಗೆ ಹೆಂಡತಿಯ ತವರಿನ ಬಸ್ಸು ಹತ್ತಿದನೆಂದರೆ ಸಂಸಾರ ನ್ಯಾಯಕ್ಕೆ ಬಂತೆಂದೇ ಅರ್ಥ. ಪುಟ್ಟಸಿದ್ದಮ್ಮ ಒಳ್ಳೆಯ ಹೆಂಗಸು. ಪರರ ಸಂಸಾರ ಕೆಡುವುದನ್ನು ನೋಡಿಕೊಂಡು ಸುಮ್ಮನಿರುವವಳಲ್ಲ. ಅರ್ಧ ರಂಗೋಲಿಯನ್ನು ಹಾಗೇ ಬಿಟ್ಟು ಫೋನು ಹುಡುಕಲು ಒಳಗೆ ಓಡಿದಳು.

ಇತ್ತ ಬಸ್ಸಿನಲ್ಲಿ ದೊರೆಸ್ವಾಮಿಯ ಪಾಡು ಶತ್ರುವಿಗೂ ಬೇಡ. ಪಕ್ಕದಲ್ಲಿ ಕೂತ ಮುದುಕಿ ಮಡಿಲಲ್ಲಿ ಬಿಸಿ ವಡೆಯ ಪೊಟ್ಟಣ ಇಟ್ಟುಕೊಂಡಿದ್ದಳು. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಹೋಟೆಲಿನವನು ದೋಸೆಗೆ ಬೆಣ್ಣೆ ಹಾಕುತ್ತಿದ್ದದ್ದು ಕಿಟಕಿಯಿಂದಲೇ ಕಂಡಿತು. ಪರಿಚಯದ ಕಂಡಕ್ಟರು ಒಂದು ಹಿಡಿ ಬೇಯಿಸಿದ ಕಡಲೆಕಾಯಿ ತಂದು, "ತಕ್ಕಳಿ ಅಣ್ಣ" ಎಂದ.

"ಬ್ಯಾಡ ಕಣಪ್ಪ."

ಕಂಡಕ್ಟರು ಅವನ ಮುಖವನ್ನೇ ನೋಡಿದ. ಆಮೇಲೆ ದನಿ ತಗ್ಗಿಸಿ, "ಮನೇಲಿ ಅತ್ತಿಗೆ ಜೊತೆ ಏನಾರ...?" ಎಂದ.

"ಏನೂ ಇಲ್ಲ ಮಾರಾಯ!"

"ಇರ್ತದೆ ಬುಡಣ್ಣ. ನಂದೂ ಓದ್ ವಾರ ಇಂಗೇ ಆಗಿತ್ತು" ಎಂದು ಅವನು ಭುಜ ತಟ್ಟಿ ಮುಂದಕ್ಕೆ ಹೋದ. ದೊರೆಸ್ವಾಮಿ ಕಣ್ಣು ಮುಚ್ಚಿಕೊಂಡು, ಎರಡು ತುಂಬಿದ ಮುದ್ದೆಗಳನ್ನು ಮನಸ್ಸಿನಲ್ಲೇ ನೆನೆಯುತ್ತ ಚಾಮರಾಜನಗರ ತಲುಪಿದ.

ಬಸ್ ಸ್ಟ್ಯಾಂಡಿನ ಕಂಬದ ಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆ ದೊಡ್ಡಮಾದಮ್ಮ ನಿಂತಿದ್ದಳು. ಪುಟ್ಟಸಿದ್ದಮ್ಮನ ಫೋನು ಬಂದ ಗಳಿಗೆಯಿಂದ ಆಕೆ ಸುಮ್ಮನೆ ಕೂತಿರಲಿಲ್ಲ. ಅಳಿಯನ ಬಸ್ಸು ತೆರಕಣಾಂಬಿ ದಾಟುವಷ್ಟರಲ್ಲಿ ಅವಳ ಹಿತ್ತಲಿನ ಹುಂಜದ ಕತೆ ಮುಗಿದಿತ್ತು.

"ಅತ್ತೆ, ನೀವೇನು ಇಲ್ಲಿ?"

ದೊಡ್ಡಮಾದಮ್ಮ ಅವನ ಕೈಯಿಂದ ಬ್ಯಾಗು ಕಿತ್ತುಕೊಂಡಳು. ಬ್ಯಾಗು ಅತ್ತೆಯ ಕೈಗೆ ಹೋದಮೇಲೆ ಅಳಿಯ ಹಿಂದೆ ಹೋಗಲೇಬೇಕು. "ಕ್ಲಿನಿಕ್ಕಿಗೆ ಓಗ್ಬೇಕು ಅತ್ತೆ, ಒತ್ತಾಯ್ತದೆ" ಎಂದು ಅವನು ದಾರಿಯುದ್ದಕ್ಕೂ ಹೇಳಿದ. "ಮೊದ್ಲು ಮನಗೆ ನಡೀರಿ ಅಳಿಯಂದ್ರೆ" ಎಂದಷ್ಟೇ ಅವಳು ದಾರಿಯುದ್ದಕ್ಕೂ ಹೇಳಿದಳು.

ಮನೆಯ ಜಗಲಿಯ ಮೇಲೆ ಶಿವರಂಜಿನಿಯ ದೊಡ್ಡಪ್ಪ ನಾಗಯ್ಯ ಟವಲು ಕೊಡವಿಕೊಂಡು ಆಗಲೇ ಕೂತಿದ್ದರು. ಬೀದಿಯ ನ್ಯಾಯವೆಲ್ಲ ಅವರ ಬಾಯಿಂದಲೇ ತೀರ್ಮಾನವಾಗುವ ವಾಡಿಕೆ. ಸುತ್ತ ನಾಲ್ಕಾರು ಮನೆಯ ಹೆಂಗಸರೂ ಯಾವುದೋ ಕೆಲಸವಿದ್ದವರಂತೆ ಬಂದು ನಿಂತಿದ್ದರು. ಒಳಗಿನಿಂದ ಕೋಳಿಸಾರಿನ ಘಮ ಹೊರಬಂದು ದೊರೆಸ್ವಾಮಿಯ ಕೊರಳಪಟ್ಟಿ ಹಿಡಿಯಿತು.

"ಏಳಪ್ಪ, ಏನು ನಮ್ಮ ಕೂಸಿನ ತಪ್ಪು?" ಎಂದು ನಾಗಯ್ಯ ನೇರವಾಗಿ ಶುರುಮಾಡಿದರು.

"ತಪ್ಪೇನೂ ಇಲ್ಲ ದೊಡ್ಮಾವ. ನಾನು ರಕ್ತ ಕೊಡಕೆ ಬಂದಿವ್ನಿ. ಬರೀ ಒಟ್ಟೇಲಿ ಕೊಡ್ಬೇಕಂತೆ."

ದೊಡ್ಡಮಾದಮ್ಮ ಗಲ್ಲಕ್ಕೆ ಕೈಯಿಟ್ಟಳು. "ಅಯ್ಯೋ, ರಕ್ತ ಕೊಡೋರು ಒಟ್ಟೆ ತುಂಬ ಉಂಡ್ಕಂಡು ಓಯ್ತಾರೆ. ಬರೀ ಒಟ್ಟೇಲಿ ರಕ್ತ ಕೊಡೋದು ಎಲ್ಲಾದ್ರೂ ಉಂಟಾ? ಸುಳ್ಳು ಏಳಕೂ ಬರಕ್ಕಿಲ್ಲ ನಮ್ಮ ಅಳಿಯಂದ್ರಿಗೆ, ಪಾಪ."

"ಅದು ದಾನ ಅಲ್ಲ ಅತ್ತೆ, ಟೆಸ್ಟು! ನಂಗೆ ಮೈ ಯಾಕೆ ಬಂದದೆ ಅಂತ ನೋಡಕೆ."

"ಮೈ ಬಂದ್ರೆ ಒಳ್ಳೇದು ತಾನೆ? ಅದನ್ಯಾಕೆ ಟೆಸ್ಟ್ ಮಾಡ್ಸಬೇಕು?" ಎಂದರು ನಾಗಯ್ಯ.

ಇಲ್ಲಿ ದೊರೆಸ್ವಾಮಿ ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದನೋ ಏನೋ. ಹಸಿವಿನಲ್ಲಿ ನಿಜ ಬಾಯಿಗೆ ಬಂತು. "ನಾನು ಕದ್ದು ತಿಂತೀನಿ ಅಂತಾಳೆ ರಂಜಿನಿ. ಇಲ್ಲ ಅಂತ ತೋರ್ಸಕೇ ಟೆಸ್ಟು!"

ಜಗಲಿಯ ಮೇಲೆಲ್ಲ ಒಂದು ದೊಡ್ಡ ಉಸಿರು ಎದ್ದು ಬಿತ್ತು. ನಾಗಯ್ಯ ಗೆದ್ದವರಂತೆ ಸುತ್ತ ನೋಡಿದರು. "ಅಂಗಾದ್ರೆ ಜಗಳ ಅದೆ."

"ಇಲ್ಲ ದೊಡ್ಮಾವ!"

"ಇಲ್ಲ ಅಂದ್ರೆ ಉಣ್ಣು. ನೀನು ಉಂಡ್ರೆ ಜಗಳ ಇಲ್ಲ ಅಂತ ಒಪ್ಕತೀವಿ. ಉಣ್ಣಕಿಲ್ಲ ಅಂದ್ರೆ ಜಗಳ ಅದೆ. ಇದ್ರ ಮಧ್ಯೆ ಡಾಕ್ಟ್ರು ಎಲ್ಲಿಂದ ಬಂದ್ರು?"

"ರಂಜಿನಿಗೇ ಫೋನ್ ಮಾಡಿ ಕೇಳಿ" ಎಂದು ಅವನು ತಾನೇ ಫೋನು ಮಾಡಿದ. ಅದು ರಿಂಗಾಯಿತು, ರಿಂಗಾಯಿತು, ನಿಂತಿತು. ಮತ್ತೆ ಮಾಡಿದ, ಮತ್ತೆ ನಿಂತಿತು. "ಗಂಡನ ಫೋನೇ ಎತ್ನಿಲ್ಲ ಅಂದ್ರೆ ಜಗಳ ಜೋರಾಗೇ ಅದೆ" ಎಂದು ಹಿಂದಿನಿಂದ ಯಾರೋ ಹೆಂಗಸು ತೀರ್ಪು ಕೊಟ್ಟಳು.

ದೊಡ್ಡಮಾದಮ್ಮ ಬಾಗಿಲಿಗೆ ಒರಗಿ ಕೂತಳು. "ನೀವು ಉಣ್ಣಗಂಟ ನಾನೂ ಒಂದು ತೊಟ್ಟು ನೀರು ಮುಟ್ಟಕಿಲ್ಲ ಅಳಿಯಂದ್ರೆ. ಮಗಳನ್ನ ಕೊಟ್ಟ ತಪ್ಪಿಗೆ ಇದೂ ಆಗ್ಲಿ" ಎಂದಳು. ಬರಿ ಮಾತೆಂದು ದೊರೆಸ್ವಾಮಿ ಅಂದುಕೊಂಡ. ಆದರೆ ಸ್ವಲ್ಪ ಹೊತ್ತಿನಲ್ಲೇ ಅವಳ ಹಣೆಯ ಮೇಲೆ ಬೆವರು ಮೂಡಿತು, ಬೆರಳುಗಳು ನಡುಗತೊಡಗಿದವು. ಪಕ್ಕದ ಮನೆಯವಳು ಗಾಬರಿಯಾಗಿ, "ಮಾದಕ್ಕ, ಸಕ್ಕರೆ ಕಾಯಿಲೆ ಮಾತ್ರೆ ನುಂಗ್ಬುಟ್ಟಿದ್ದೀಯಾ?" ಎಂದಳು. ನುಂಗಿದ್ದಳು. ಫೋನು ಬರುವ ಮುಂಚೆಯೇ ನುಂಗಿ, ಆಮೇಲೆ ಏನೂ ತಿನ್ನದೆ ಹುಂಜದ ಹಿಂದೆಯೂ ಅಳಿಯನ ಹಿಂದೆಯೂ ಓಡಿದ್ದಳು.

ದೊರೆಸ್ವಾಮಿಗೆ ಅತ್ತೆಯ ಮೇಲೆ ನಿಜವಾದ ಪ್ರೀತಿಯಿತ್ತು. ಮುದ್ದೆ ಹೋದರೆ ಹೋಗಲಿ, ಕದ್ದು ತಿನ್ನುವವನೆಂಬ ಹೆಸರೂ ಇರಲಿ, ಈ ಜೀವ ಉಳಿಯಲಿ ಅಂದುಕೊಂಡ. "ಅತ್ತೆ, ಮೊದ್ಲು ಬೆಲ್ಲ ಬಾಯಿಗೆ ಆಕ್ಕಳಿ. ಎಲೆ ಆಕ್ಸಿ, ಉಣ್ತೀನಿ!" ಎಂದು ಕೂಗಿದ. ಬೆಲ್ಲ ಬಂತು, ಎಲೆ ಬಂತು, ಇಬ್ಬರೂ ಎದುರುಬದುರು ಕೂತರು.

ಮೊದಲ ತುತ್ತನ್ನು ಅವನು ಕೇವಲ ಅತ್ತೆಗೋಸ್ಕರ ನುಂಗಿದ. ಎರಡನೆಯದನ್ನು ನಾಗಯ್ಯನವರ ಮಾತಿಗೆ ಬೆಲೆ ಕೊಟ್ಟು ನುಂಗಿದ. ಆಮೇಲಿನವು ಯಾರಿಗೋಸ್ಕರವೆಂದು ಅವನಿಗೇ ಗೊತ್ತಾಗಲಿಲ್ಲ. ಅರ್ಧ ಮುದ್ದೆಯಲ್ಲಿ ಬದುಕಿದ ದಿನಗಳೆಲ್ಲ ಒಟ್ಟಿಗೆ ಬಂದು ಎಲೆಯ ಮುಂದೆ ಕೂತ ಹಾಗಿತ್ತು. ಬಿಸಿ ಮುದ್ದೆ, ಮೇಲೆ ತೇಲುವ ಎಣ್ಣೆ, ಹಸಿ ತೆಂಗಿನಕಾಯಿ ರುಬ್ಬಿದ ಮಸಾಲೆ. ದೊಡ್ಡಮಾದಮ್ಮ ಚೇತರಿಸಿಕೊಂಡು ಕಣ್ಣು ತುಂಬಿಕೊಂಡು ಬಡಿಸಿದಳು, ನಾಗಯ್ಯ ತೃಪ್ತಿಯಿಂದ ತಲೆಯಾಡಿಸಿದರು, ನೆರೆಯ ಹೆಂಗಸರು ಎಂಥ ಒಳ್ಳೆಯ ಅಳಿಯ ಎಂದು ಹೊಗಳಿದರು. ಸುಖದಿಂದ ಅವನ ಕಿವಿ ಕೂಡ ಕೆಂಪಗಾಗಿತ್ತು.

"ಅತ್ತೆ, ಸಾರು ಇನ್ನೊಂಚೂರು ಬುಡಿ. ತೊಡೆ ಪೀಸು ಇದ್ರೆ ಅದೂ ಬರ್ಲಿ" ಎಂದು ಅವನು ಎಲೆಯಿಂದ ತಲೆಯೆತ್ತಿದ. ಬಾಗಿಲಲ್ಲಿ ಶಿವರಂಜಿನಿ ನಿಂತಿದ್ದಳು.

ಜಡೆ ಬಿಚ್ಚಿತ್ತು, ಒಂದು ಕಾಲಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ಅವನದು. ಪುಟ್ಟಸಿದ್ದಮ್ಮ ಅವಳಿಗೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಅದಕ್ಕೆ ಕೈಕಾಲು ಬಂದು, ಗಂಡ ಕಣ್ಣೀರು ಸುರಿಸುತ್ತ ಇನ್ನು ಈ ಮನೆಗೆ ಕಾಲಿಡುವುದಿಲ್ಲ ಎಂದು ಹೊರಟುಹೋದ ಎಂಬಲ್ಲಿಗೆ ಬೆಳೆದಿತ್ತು. ಅವತ್ತು ಟೆಸ್ಟಿನ ಬುಧವಾರವೆಂಬುದು ಆ ಗಾಬರಿಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ಫೋನನ್ನು ಚಾರ್ಜಿಗೆ ಹಾಕಿದ್ದಲ್ಲೇ ಬಿಟ್ಟು, ಒಂದು ಲೋಟ ನೀರೂ ಕುಡಿಯದೆ, ಅವಳು ಮುಂದಿನ ಬಸ್ಸಿಗೆ ಓಡಿಬಂದಿದ್ದಳು. ಬಸ್ಸಿನುದ್ದಕ್ಕೂ ಅತ್ತಿದ್ದಳು ಬೇರೆ. ಈಗ ಗಂಡನ ಎಲೆಯ ಪಕ್ಕ ಗುಡ್ಡೆಯಾಗಿದ್ದ ಮೂಳೆಗಳನ್ನು ನೋಡಿದಳು.

"ಇದು ನಿಮ್ಮ ಆರ್ಮೋನಾ?" ಎಂದಳು.

"ರಂಜು, ಇಲ್ಕೇಳು, ನಿಮ್ಮವ್ವನೇ ಬಲವಂತ..."

"ತೊಡೆ ಪೀಸು ಕೇಳಿದ್ದೂ ನಮ್ಮವ್ವನಾ?"

ಜಗಳವೇ ಇರಲಿಲ್ಲವೆಂದು ನಾಗಯ್ಯನವರಿಗೆ ಅರ್ಥವಾದದ್ದು ಹೊಸ ಜಗಳ ಕಣ್ಣೆದುರು ಶುರುವಾದಾಗ. "ಇದನ್ನ ಆ ಡಾಕ್ಟ್ರ ಮುಂದೇನೇ ತೀರ್ಮಾನ ಮಾಡನ, ನಡೀರಿ" ಎಂದು ಅವರು ಎದ್ದರು. ಅವರ ಹಿಂದೆ ದೊಡ್ಡಮಾದಮ್ಮ, ಅವಳ ಹಿಂದೆ ಮಾತು ಬಿಟ್ಟ ಗಂಡಹೆಂಡಿರು, ಹೀಗೆ ಮೆರವಣಿಗೆ ಕ್ಲಿನಿಕ್ಕಿಗೆ ಹೊರಟಿತು.

ಡಾಕ್ಟರಮ್ಮ ಎದ್ದು ಹೊರಡುವ ಹೊತ್ತು. ದೊರೆಸ್ವಾಮಿಯನ್ನು ನೋಡಿ, "ಖಾಲಿ ಹೊಟ್ಟೇಲಿ ಬಂದಿದ್ದೀರಾ?" ಎಂದರು. ಅವನು ಬಾಯಿ ತೆರೆದ. ಮಾತಿಗಿಂತ ಮುಂಚೆ ಒಂದು ತೇಗು ಬಂದು ಎಲ್ಲವನ್ನೂ ಹೇಳಿತು.

"ನಿಮಗೆ ಮುಖ್ಯವಾಗಿ ನೋಡಬೇಕಾದ್ದು ಸಕ್ಕರೆ, ಇನ್ಸುಲಿನ್ನು. ಹೀಗೆ ಉಂಡು ಬಂದ್ರೆ ನೋಡಿ ಪ್ರಯೋಜನ ಇಲ್ಲ" ಎಂದು ನಕ್ಕ ಡಾಕ್ಟರಮ್ಮನ ಕಣ್ಣು ಬಾಗಿಲ ಬಳಿ ನಿಂತ ಶಿವರಂಜಿನಿಯ ಮೇಲೆ ಬಿತ್ತು. ಬಿಸಿಲೇರಿದ ಹೊತ್ತಲ್ಲಿ ಅವಳು ಸೆರಗನ್ನು ಮೈತುಂಬ ಹೊದ್ದು ನಿಂತಿದ್ದಳು. "ನೀವು ಬನ್ನಿ ಇಲ್ಲಿ. ಮುಖ ಯಾಕೆ ಊದಿದೆ?"

"ಅತ್ತಿದ್ದೆ ಡಾಕ್ಟ್ರೆ."

"ಅತ್ತದ್ದರಿಂದ ಕಣ್ಣು ಊದುತ್ತೆ, ಕತ್ತು ಊದಲ್ಲ." ಡಾಕ್ಟರಮ್ಮ ಅವಳ ಕತ್ತನ್ನು ಬೆರಳಿಂದ ಮುಟ್ಟಿ ನೋಡಿದರು. "ಸುಸ್ತಾಗುತ್ತಾ? ಚಳಿ ಜಾಸ್ತೀನಾ? ತೂಕ ಏರಿದೆಯಾ?"

ಶಿವರಂಜಿನಿ ಗಂಡನ ಕಡೆ ನೋಡದೆ ಮೆಲ್ಲಗೆ ಹೇಳಿದಳು: "ಬೆಳಗ್ಗೆ ಏಳಕೇ ಆಗಕಿಲ್ಲ. ಮೈಯೂ ಬತ್ತಾ ಅದೆ. ಇಬ್ರೂ ಊದ್ಕತಾ ಇದ್ದೀವಿ ಅಂತ ಒಂದು ಮುದ್ದೇನೇ ಅರ್ಧರ್ಧ ಮಾಡ್ಕಂಡು ಉಣ್ತಾ ಇದ್ದೆ. ಆದ್ರೂ ನಂದು ಇಳೀನಿಲ್ಲ."

ಮುರಿದ ಮುದ್ದೆಯ ಇನ್ನರ್ಧ ಎಲ್ಲಿ ಹೋಗುತ್ತಿತ್ತೆಂದು ದೊರೆಸ್ವಾಮಿಗೆ ಆಗ ಗೊತ್ತಾಯಿತು. ಅಷ್ಟು ದಿನ ಪಕ್ಕದಲ್ಲೇ ಕೂತು ಉಂಡರೂ ಅವಳ ತಟ್ಟೆಯ ಕಡೆ ಅವನು ಒಮ್ಮೆಯೂ ನೋಡಿರಲಿಲ್ಲ. ಅವನಿಗೆ ತುಂಬ ನಾಚಿಕೆಯಾಯಿತು.

"ಏನಾದ್ರೂ ತಿಂದಿದ್ದೀರಾ ಈಗ?" ಎಂದು ಡಾಕ್ಟರಮ್ಮ ಕೇಳಿದರು.

"ನೀರೂ ಕುಡ್ದಿಲ್ಲ."

"ಒಳ್ಳೇದೇ ಆಯ್ತು. ಎಲ್ಲ ಟೆಸ್ಟೂ ಒಟ್ಟಿಗೆ ಆಗುತ್ತೆ, ಕೈ ಚಾಚಿ" ಎಂದರು. ಹೀಗೆ ದೊರೆಸ್ವಾಮಿ ಉಪವಾಸ ಕೂತು ಕೊಡಬೇಕೆಂದಿದ್ದ ರಕ್ತವನ್ನು ಅವನ ಹೆಂಡತಿ ಕೊಟ್ಟಳು.

ಸಂಜೆ ರಿಪೋರ್ಟು ಕೇಳಲು ಎಲ್ಲರೂ ಮತ್ತೆ ಕ್ಲಿನಿಕ್ಕಿಗೆ ಹೋದರು. ಡಾಕ್ಟರಮ್ಮ ಶಿವರಂಜಿನಿಯನ್ನೇ ಎದುರಿಗೆ ಕೂರಿಸಿಕೊಂಡರು. "ನಿಮ್ಮ ಥೈರಾಯ್ಡ್ ನಿಧಾನ ಆಗಿದೆ. ಅದೇ ಕಾರಣ ಸುಸ್ತಿಗೆ, ಅದರಿಂದಲೇ ಮೈಯೂ ಒಂದಿಷ್ಟು ಬಂದಿರೋದು. ಹೆದರೋಕೆ ಏನಿಲ್ಲ. ದಿನಾ ಬೆಳಗ್ಗೆ ಖಾಲಿ ಹೊಟ್ಟೇಲಿ ಒಂದು ಮಾತ್ರೆ. ಅದಾದ ಮೇಲೆ ಸ್ವಲ್ಪ ಹೊತ್ತು ಕಾಫಿ, ತಿಂಡಿ ಬೇಡ. ಆಮೇಲೆ ಎಲ್ಲರ ಹಾಗೆ ಊಟ ಮಾಡಿ, ಅರ್ಧ ಹೊಟ್ಟೇಲಿ ಇರಬೇಡಿ."

"ಅಂದ್ರೆ ಇದು..." ಶಿವರಂಜಿನಿಯ ಮುಖ ಅರಳಿತು. "ಇದು ಆರ್ಮೋನಾ ಡಾಕ್ಟ್ರೆ?"

"ಹೌದು, ಹಾರ್ಮೋನೇ."

ದೊರೆಸ್ವಾಮಿಗೆ ಹೆದರಿಕೆ ಇಳಿದು ಹಾಯೆನಿಸಿತು. ಹಾಯೆನಿಸಿದ ಮರುಗಳಿಗೆಯೇ ತನ್ನ ಕೇಸು ನೆನಪಾಯಿತು. "ಮತ್ತೆ ನಂದು ಡಾಕ್ಟ್ರೆ?" ಎಂದ ದೀನವಾಗಿ.

"ನೀವು ಇನ್ನೊಂದು ದಿನ ಖಾಲಿ ಹೊಟ್ಟೇಲಿ ಬನ್ನಿ."

"ಬ್ಯಾಡ ಬುಡಿ ಡಾಕ್ಟ್ರೆ" ಎಂದಳು ಶಿವರಂಜಿನಿ. "ಇವ್ರ ರಿಪೋರ್ಟು ಬಾಳೆಎಲೆ ಮ್ಯಾಲೆ ನಾನೇ ನೋಡಾಯ್ತು."

ನಾಗಯ್ಯ ಗಂಟಲು ಸರಿಮಾಡಿಕೊಂಡು, "ಈ ಕಾಯಿಲೆ ನಮ್ಮ ಕೂಸಿಗೆ ಯಾಕೆ ಬಂತಮ್ಮ?" ಎಂದು ಕೇಳಿದರು. ಹಲವು ಕಾರಣ ಇರಬಹುದು, ಇಂಥದ್ದೇ ಎಂದು ಹೇಳಲಾಗದು ಅಂತ ಡಾಕ್ಟರಮ್ಮ ಹೇಳಿದರು. "ನಂಗೊತ್ತು ಯಾಕೆ ಬಂತು ಅಂತ" ಎಂದು ದೊಡ್ಡಮಾದಮ್ಮ ಅಳಿಯನ ಕಡೆ ತಿರುಗಿ ನೋಡಿದಳು. ಬೆಳಗ್ಗೆ ತನಗೆ ಬಡಿಸುವಾಗ ತುಂಬಿ ಬಂದ ಕಣ್ಣುಗಳು ಇವೇನಾ ಎಂದು ಅವನಿಗೆ ಅನುಮಾನವಾಯಿತು.

ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಗಂಡಹೆಂಡತಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋಗಿ ಕೂತರು. ಎಷ್ಟೋ ದಿನದ ಮೇಲೆ ಶಿವರಂಜಿನಿ ನಿರಾಳವಾಗಿ ನಗುತ್ತಿದ್ದಳು. ಅವಳ ನಗು ನೋಡಿ ದೊರೆಸ್ವಾಮಿಗೂ ಖುಷಿಯಾಯಿತು, ಖುಷಿಯಾದ ಕೂಡಲೇ ಎಂದಿನಂತೆ ಹಸಿವೂ ಆಯಿತು. ಅವಳು ಸಪ್ಲೈಯರನ್ನು ಕರೆದು ಒಂದು ಮಸಾಲೆ ದೋಸೆ, ಒಂದು ಕೇಸರಿಬಾತು, ಆಮೇಲೊಂದು ಕಾಫಿ ಹೇಳಿದಳು.

"ಯಜಮಾನ್ರಿಗೆ?" ಎಂದು ಅವನು ದೊರೆಸ್ವಾಮಿಯ ಕಡೆ ನೋಡಿದ. ದೊರೆಸ್ವಾಮಿ ಆಸೆಯಿಂದ ಮುಂದಕ್ಕೆ ಬಾಗಿದ.

"ಅವ್ರಿಗೆ ಒಂದು ಲೋಟ ಬಿಸ್ನೀರು ಕೊಡಪ್ಪ" ಎಂದಳು ಶಿವರಂಜಿನಿ. "ಆರ್ಮೋನು ಇರೋದು ನಂಗೆ."